ಹಿಂದಿನ ತೋಟೆಯೇ ಮುಂದಿನದಕ್ಕೆ ಅಳತೆ

ಡ್ರೈ ಫೋರ್ಕ್, ಮೊಂಟಾನಾ
ಆಗಸ್ಟ್ 21, ಗುರುವಾರ ಬೆಳಿಗ್ಗೆ

ಪ್ರೀತಿಯ ಮಗಳು ಮಾರ್ಲಿಸ್,

ಕಾಡಿನ ಬೆಂಕಿ ಕಾಯುವ ಆ ಗೋಪುರದ ಮೇಲೆ ಕೂತು ಈ ಕಾಗದ ಓದುವಾಗ ಒಂದು ಕೈಯಲ್ಲಿ ಕಂಬಿ ಹಿಡಿದುಕೋ, ಯಾಕೆಂದರೆ ಇದನ್ನು ಬರೆಯುತ್ತಿರುವವನು ಸಾಮಾನ್ಯ ಮನುಷ್ಯನಲ್ಲ. ಅಳತೆಯ ಸಾಮಾನು ಮುಟ್ಟದೆ, ಬರೀ ಹೆಬ್ಬೆರಳಿನಿಂದ, ಕೋವಿಯ ಹಿತ್ತಾಳೆ ತೋಟೆಯನ್ನು ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸಬಲ್ಲವನು ರಾಕಿ ಪರ್ವತಗಳ ಈಚೆಗೂ ಆಚೆಗೂ ನಿನ್ನ ಚಿಕ್ಕಪ್ಪ ಓರಿನ್ ಒಬ್ಬನೇ. ಎರಡು ಕೋವಿ ಕಾರ್ಖಾನೆಯವರು ನನ್ನ ಎಡಗೈ ಹೆಬ್ಬೆರಳಿನ ಅಚ್ಚು ತೆಗೆದುಕೊಂಡು ಹೋಗಲು ಬಂದಿದ್ದರು; ಕಾಫಿ ಕುಡಿಸಿ ವಾಪಸು ಕಳಿಸಿದೆ. ಸೇನೆಯ ಒಬ್ಬ ಜನರಲ್ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಟ್ರೇಲರ್ ಮನೆಯ ಮೆಟ್ಟಿಲ ಮೇಲೆ ಅರ್ಧ ದಿನ ಕಾದಿದ್ದ. ನೀನು ಅವತ್ತು ಶಾಲೆಗೆ ಹೋಗಿದ್ದೆ, ಅದಕ್ಕೇ ನಿನಗೆ ಗೊತ್ತಿಲ್ಲ. ನಿಮ್ಮಮ್ಮನನ್ನು ಕೇಳಬೇಡ, ಅವಳು ಅವತ್ತು ಪೇಟೆಗೆ ಹೋಗಿದ್ದಳು.

ನೀನು ಹೇಗಿದ್ದೀ? ಗಾಳಿ ಇನ್ನೂ ಕಿಟಕಿ ಬಡಿಯುತ್ತಿದೆಯೇ? ಊಟೆಯಿಂದ ನೀರು ಹೊತ್ತು ಭುಜ ಕಡಿಯುತ್ತದೆ ಎಂದು ಬರೆದಿದ್ದೆ. ಹೊರುವಾಗ ಹೆಗಲು ಬದಲಾಯಿಸು, ಒಂದೇ ಕಡೆ ಹೊತ್ತರೆ ಹೀಗೇ ಆಗುವುದು. ಇಲಿಗಳು ಓಟ್ಸ್ ಡಬ್ಬಿ ಬಿಟ್ಟಿವೆಯೋ, ಇಲ್ಲ ನಿನಗೇ ಉಳಿಸಿಲ್ಲವೋ? ಹೊಗೆ ಕಂಡರೆ ಎರಡು ಸಲ ನೋಡಿ ಆಮೇಲೆ ರೇಡಿಯೊ ಮಾಡು. ಹೋದ ವರ್ಷ ಆ ಗೋಪುರದಲ್ಲಿದ್ದ ಮಹಾನುಭಾವ ಮೋಡವನ್ನು ನೋಡಿ ಮೂರು ಸಲ ಬೆಂಕಿ ಬೆಂಕಿ ಎಂದು ಕೂಗಿದ್ದನಂತೆ. ಅಂಥವನಿಗೂ ಸರ್ಕಾರ ಸಂಬಳ ಕೊಟ್ಟಿತು. ಹಲ್ಲುನೋವು ಹೇಗಿದೆ? ಲವಂಗ ಕಚ್ಚಿಕೊಂಡಿರು. ಹಿಮ ಬೀಳುವ ಮೊದಲು ಕೆಳಗಿಳಿದಾಗ ದೊಡ್ಡ ಊರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಆ ಹಲ್ಲಿನ ಡಾಕ್ಟರ್ ಪ್ರೆಸ್ಕಾಟನ ಮುಂದೆ ಮಾತ್ರ ಬಾಯಿ ತೆರೆಯಬೇಡ. ಯಾಕೆಂದು ಮುಂದೆ ತಿಳಿಯುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ. ಅತ್ತಿಗೆಯ, ಅಂದರೆ ನಿಮ್ಮಮ್ಮನ, ಮೊಣಕಾಲು ಏಳುವಾಗ ಕೂರುವಾಗ ಶಬ್ದ ಮಾಡುತ್ತದೆ, ಆದರೆ ಬಾಯಿ ಮಾತ್ರ ಎಣ್ಣೆ ಹಾಕಿದ ಹಾಗೆ ಓಡುತ್ತಿದೆ. ಚೋಕ್‌ಚೆರಿ ಜಾಮ್ ಹದಿನಾಲ್ಕು ಬಾಟಲಿ ಮಾಡಿದ್ದಾಳೆ, ಎರಡನ್ನು ಈ ಗಂಟಿನಲ್ಲಿ ಕಳಿಸಿದ್ದಾಳೆ, ಉಣ್ಣೆಯ ಕಾಲುಚೀಲವೂ ಇದೆ. ಜಿಂಕೆಯ ಒಣಮಾಂಸ ನನ್ನದು. ನಿಮ್ಮಪ್ಪ ಗೋಧಿ ಲಾರಿ ತೆಗೆದುಕೊಂಡು ಡಕೋಟಾ ಕಡೆ ಹೋದವನು ತಿಂಗಳ ಕೊನೆಗೆ ಬರುತ್ತಾನೆ. ಈ ಕಾಗದದಲ್ಲಿರುವ ಕೆಲವು ವಿಷಯ ಅವನಿಗಿನ್ನೂ ಹೇಳಿಲ್ಲ. ಗಾಡಿ ಓಡಿಸುವವನ ತಲೆ ಯಾಕೆ ಕೆಡಿಸಬೇಕು?

ಈಗ ನಿನ್ನ ಹಿತ್ತಾಳೆಯ ವಿಷಯ. ನಾಲ್ಕು ವರ್ಷ, ಕೋವಿ ಕ್ಲಬ್ಬಿನಲ್ಲಿ ಗುರಿ ಪಂದ್ಯ ಮುಗಿದು ಎಲ್ಲರೂ ಹಾಟ್‌ಡಾಗಿನ ಸಾಲಿಗೆ ಓಡಿದಾಗ, ನೀನೊಬ್ಬಳೇ ಜಲ್ಲಿಯ ಮೇಲೆ ಮೊಣಕಾಲೂರಿ ಖಾಲಿ ತೋಟೆ ಹೆಕ್ಕಿದ್ದು ನಾನು ಮರೆತಿಲ್ಲ. ಒಂದೊಂದರ ತಳ ತಿರುಗಿಸಿ ಮುದ್ರೆ ನೋಡಿ, ಒಂದೇ ಕಾರ್ಖಾನೆಯದನ್ನು ಮಾತ್ರ ಆರಿಸಿಟ್ಟೆ. ಸರಿಯಾಗಿ ನಾಲ್ಕು ಸಾವಿರ, ಎರಡು ಬಕೆಟ್. ಆ ಉದ್ದನೆಯ ತೋಟೆಯನ್ನು ಭುಜದ ಕೆಳಗೆ ಕತ್ತರಿಸಿ, ಪ್ರೆಸ್ಸಿನಲ್ಲಿ ಒತ್ತಿ ಹೊಸ ಬಾಯಿ ಮಾಡಿದರೆ, ಈಗ ಅರ್ಧ ಕೌಂಟಿ ಹುಚ್ಚು ಹಿಡಿದು ಕೊಳ್ಳುತ್ತಿರುವ ಗಿಡ್ಡ ತೋಟೆಯಾಗುತ್ತದೆ. ಒಂದಕ್ಕೆ ಇಪ್ಪತ್ತು ಸೆಂಟಿನಂತೆ ನಾಲ್ಕು ಸಾವಿರಕ್ಕೆ ಎಂಟು ನೂರು ಡಾಲರ್. ಉಳಿದದ್ದು ನಿನ್ನ ಬೇಸಿಗೆಯ ಸಂಬಳ. ಎರಡೂ ಸೇರಿದರೆ, ಈ ಕಾಗದ ಹೊತ್ತು ತರುವ ಗಾರ್ಲಂಡನ ಹೇಸರಗತ್ತೆ ಹ್ಯಾಟಿ ನಿನ್ನದು, ಮುಂದಿನ ವರ್ಷದಿಂದ ಗೋಪುರಗಳಿಗೆ ಸಾಮಾನು ಹೊರುವ ಕೆಲಸವೂ ನಿನ್ನದು. ಸೆಪ್ಟೆಂಬರ್ ಹದಿನೈದರವರೆಗೆ ಕಾಯುತ್ತೇನೆ, ಆಮೇಲೆ ಪಕ್ಕದ ಕಣಿವೆಯ ಬೇಟೆ ಕಂಪನಿಯವರಿಗೆ ಕೊಡುತ್ತೇನೆ ಎಂದು ಅವನು ಹೇಳಿದ್ದಾನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ. ಯಾಕೆಂದರೆ ನಾನೂ ಇದನ್ನು ಮರೆತಿಲ್ಲ ಎಂದು ನಿನಗೆ ತಿಳಿದಿರಬೇಕು.

ನೀನು ಗೋಪುರಕ್ಕೆ ಹೊರಡುವ ಹಿಂದಿನ ದಿನ ಆ ಎರಡು ಬಕೆಟ್ ಪಿಕಪ್ಪಿನ ಹಿಂದೆ ಏರಿಸಿ ಡಾಕ್ಟರನ ಗ್ಯಾರೇಜಿಗೆ ಹೊರಟಿದ್ದೆ. ಇಳಿಸಿದವನು ನಾನು. ಸ್ವಂತ ಚಿಕ್ಕಪ್ಪ ಬದುಕಿರುವಾಗ ನಿನ್ನೆ ಮೊನ್ನೆ ಕ್ಯಾಲಿಫೋರ್ನಿಯಾದಿಂದ ಬಂದವನ ಬಾಗಿಲಿಗೆ ಯಾಕೆ ಹೋಗಬೇಕು ಎಂದು ಕೇಳಿದೆ. ಈಗಲೂ ಅದೇ ಕೇಳುತ್ತೇನೆ. ಆ ಮನುಷ್ಯ ತೋಟೆ ಕತ್ತರಿಸುವುದನ್ನು ನೀನು ನೋಡಿದ್ದೀಯಾ? ನಾನು ನೋಡಿದ್ದೇನೆ. ಜೂನ್‌ನಲ್ಲಿ ಒಂದು ಇಡೀ ಮಧ್ಯಾಹ್ನ ಹಾಳುಮಾಡಿಕೊಂಡು ನೋಡಿದೆ. ಮೊದಲು ಏಪ್ರನ್ ಕಟ್ಟಿಕೊಳ್ಳುತ್ತಾನೆ. ಆಮೇಲೆ ಕನ್ನಡಕದ ಮೇಲೊಂದು ಕನ್ನಡಕ. ಅಂಗೈಯಷ್ಟು ಗರಗಸ, ಅದರ ಪಕ್ಕ ತೋಟೆ ಅಲುಗಾಡದ ಹಾಗೆ ಹಿಡಿಯುವ ಕಬ್ಬಿಣದ ಗೂಡು, ಎಲ್ಲವೂ ನಮ್ಮದೇ ತರಹದ್ದು. ಆದರೆ ಒಂದು ತೋಟೆ ಇಡುತ್ತಾನೆ, ಕತ್ತರಿಸುತ್ತಾನೆ, ತೆಗೆಯುತ್ತಾನೆ. ಆಮೇಲೆ ಏನು ಮಾಡುತ್ತಾನೆ ಗೊತ್ತೇ? ಹಲ್ಲುಜ್ಜುವ ಬ್ರಷ್ಷಿನಲ್ಲಿ ಗೂಡಿನ ಒಳಗೆ ಉಜ್ಜುತ್ತಾನೆ! ಮೇಲೆ, ಕೆಳಗೆ, ಒಳಗೆ, ಪಕ್ಕಕ್ಕೆ. ಊದುತ್ತಾನೆ. ಮತ್ತೆ ಇನ್ನೊಂದು ತೋಟೆ, ಮತ್ತೆ ಬ್ರಷ್ಷು. ಹತ್ತಕ್ಕೊಂದು ಸಲ ಕ್ಯಾಲಿಪರ್ ಹಿಡಿದು ಅಳೆದು ಚೀಟಿಯಲ್ಲಿ ಬರೆಯುತ್ತಾನೆ. ನಾನು ಕೇಳಿದೆ, "ಏನ್ ಡಾಕ್ಟ್ರೇ, ಗೂಡಿಗೆ ಹುಳುಕು ಹಲ್ಲಾ?" ಅಂತ. ನಕ್ಕ. ಕೋಪ ಬಂದರೂ ಒಂದು ಮರ್ಯಾದೆ ಇರುತ್ತದೆ, ನಗುವವನ ಜೊತೆ ಏನು ಮಾಡುವುದು? "ಪುಡಿ ಕೂರುತ್ತೆ ಓರಿನ್ ಅವರೇ. ಬ್ಲೇಡಿಗೆ ಎಣ್ಣೆ ಬಿಟ್ರಂತೂ ಅಂಟಿಕೊಂಡು ಬಿಡುತ್ತೆ" ಎಂದ. ನಲವತ್ತು ವರ್ಷ ಬೇರೆಯವರ ಬಾಯೊಳಗೆ ಇಣುಕಿದವನು ನನಗೆ ಕಬ್ಬಿಣದ ಬುದ್ಧಿ ಹೇಳುತ್ತಾನೆ! ನಾನು ಒಂದೇ ಕೋಣೆಯ ಶಾಲೆಯಲ್ಲಿ ಎಂಟನೆಯವರೆಗೆ ಓದಿದವನು, ಒಪ್ಪಿದೆ. ಆದರೆ ಆ ಕೋಣೆಯ ಒಲೆ, ಪಂಪು, ಗಂಟೆ ಕೆಟ್ಟಾಗ ರಿಪೇರಿ ಮಾಡಿದ್ದು ಮೇಷ್ಟ್ರಲ್ಲ, ನಾನು.

ನನ್ನ ಕ್ರಮ ಹೇಗೆಂದು ಕೇಳು, ನಿನಗೂ ಮುಂದೆ ಉಪಯೋಗಕ್ಕೆ ಬರುತ್ತದೆ. ನೀನು ಕೊಟ್ಟುಹೋದ ಮಾದರಿ ತೋಟೆಯನ್ನು ನೋಡಿ ಗೂಡನ್ನು ಕೂರಿಸಿದೆ, ಮೊದಲನೆಯದನ್ನು ಕತ್ತರಿಸಿದೆ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ ತಲೆಯ ಮೇಲೆ ಹೆಬ್ಬೆರಳು ಆಡಿಸಿದೆ. ಮೆಟ್ಟಿಲು ಸಿಗಲಿಲ್ಲ, ಹಾಲಿನ ಕೆನೆಯ ಮೇಲೆ ಬೆರಳಾಡಿಸಿದ ಹಾಗಿತ್ತು. ಮಾದರಿಯ ಕೆಲಸ ಅಲ್ಲಿಗೆ ಮುಗಿಯಿತು, ಅದನ್ನು ಕಿಟಕಿಯ ಮೇಲಿಟ್ಟೆ. ಎರಡನೆಯ ತೋಟೆಗೆ ಮೊದಲನೆಯದೇ ಅಳತೆ. ಮೂರನೆಯದಕ್ಕೆ ಎರಡನೆಯದು. ಕತ್ತರಿಸು, ಹಿಂದಿನದರ ಪಕ್ಕ ನಿಲ್ಲಿಸು, ಹೆಬ್ಬೆರಳು ಆಡಿಸು, ಹಿಂದಿನದನ್ನು ಬಕೆಟಿಗೆ ಎಸೆ, ಈಗಿನದು ಮುಂದಿನದಕ್ಕೆ ಅಳತೆ. ಬ್ಯಾಟರಿಯ ಕ್ಯಾಲಿಪರ್ ಬೇಡ, ಚೀಟಿ ಬೇಡ. ಬ್ಲೇಡಿಗೆ ಆಗಾಗ ಒಂದು ಹನಿ ಎಣ್ಣೆ, ಅಷ್ಟೆ. ಎಣ್ಣೆ ಬಿಟ್ಟರೆ ಗರಗಸ ಕಿರುಚುವುದಿಲ್ಲ, ಗುನುಗುತ್ತದೆ. ಡಾಕ್ಟರ್ ಇಡೀ ದಿನಕ್ಕೆ ನಲವತ್ತು ಕತ್ತರಿಸಿದರೆ ನಾನು ತಿಂಡಿಗೂ ಊಟಕ್ಕೂ ನಡುವೆ ಐನೂರು ಕತ್ತರಿಸಿದೆ. ನಾಲ್ಕು ದಿನಕ್ಕೆ ನಾಲ್ಕು ಸಾವಿರ. ಅತ್ತಿಗೆ ಪ್ರೆಸ್ಸಿನ ಹಿಡಿಕೆ ಎಳೆದು ಎಳೆದು ಬಾಯಿ ಒತ್ತಿದಳು, ರೇಡಿಯೊದಲ್ಲಿ ದನದ ರೇಟು ಕೇಳಿಕೊಂಡು.

ಮೂರನೆಯ ದಿನ ಅವಳು ಒಂದು ಮಾತು ತೆಗೆದಳು. "ಓರಿನ್, ಇವು ಮೊದಲಿನಷ್ಟು ಬಿಗಿಯಾಗಿ ಹೋಗ್ತಿಲ್ಲ ಕಣೋ. ಮೊನ್ನೆದರ ಪಕ್ಕ ಇವತ್ತಿಂದು ನಿಲ್ಸಿ ನೋಡು." ನಾನು ಹೇಳಿದೆ, "ಅತ್ತಿಗೆ, ನಿನ್ನ ತೋಳು ಗಟ್ಟಿಯಾಗಿದೆ, ಅದಕ್ಕೇ ಹಗುರ ಅನ್ನಿಸುತ್ತೆ." ಅವಳು, "ನಿನ್ನ ಹೆಬ್ಬೆರಳಿಗೇನು ಸರ್ಕಾರಿ ಮುದ್ರೆ ಬಿದ್ದಿದೆಯಾ? ಕಿಟಕಿ ಮೇಲಿರೋದನ್ನ ಇಳಿಸಿ ನೋಡೋಕೆ ಏನ್ ರೋಗ?" ಎಂದಳು. ಹೆಂಗಸರ ಈ ಅನುಮಾನಕ್ಕೆ ಮದ್ದಿಲ್ಲ. ಎದ್ದು ಮೂರು ಹೆಜ್ಜೆ ನಡೆದು ಕಿಟಕಿಯ ಮೇಲಿನ ಮಾದರಿ ಇಳಿಸಿದರೆ ನನ್ನ ಕೈಯ ಮೇಲೆ ನಾನೇ ಅನುಮಾನಪಟ್ಟ ಹಾಗಲ್ಲವೇ? ಇಳಿಸಲಿಲ್ಲ.

ಶನಿವಾರ ಕ್ಲಬ್ಬಿನ ಮಾರಾಟದ ದಿನ. ನಮ್ಮ ಕ್ಲಬ್ಬಿನ ಜನ ಎಂಥವರೆಂದು ನಿನಗೆ ಗೊತ್ತೇ ಇದೆ. ಮನೆಯಲ್ಲಿ ಕರೆಂಟು ಬಿಲ್ಲು ಕಟ್ಟದವನೂ ಅಲ್ಲಿಗೆ ಬಂದರೆ ಮದ್ದಿನ ಕಣ ಎಣಿಸುವ ಪಂಡಿತ. ಅರ್ಧ ಜನಕ್ಕೆ ತೋಟೆಯ ತಳ ಯಾವುದು ಬಾಯಿ ಯಾವುದು ತಿಳಿಯದು, ಆದರೆ ಚೌಕಾಸಿಗೆ ಮಾತ್ರ ಮುಂದೆ. ನೂರರ ಚೀಲ ಒಂದಕ್ಕೆ ಇಪ್ಪತ್ತು ಡಾಲರ್ ಎಂದು ಹಲಗೆಯಲ್ಲಿ ಬರೆದು ನಲವತ್ತು ಚೀಲ ಮೇಜಿನ ಮೇಲೆ ಗೋಡೆ ಕಟ್ಟಿದ ಹಾಗೆ ಜೋಡಿಸಿದೆ. ಮೊದಲ ದಿನದ ಮಾಲು ಮೇಲೆ, ಕೊನೆಯದು ಕೆಳಗೆ. ಗಂಟೆಯೊಳಗೆ ಎಂಟು ಚೀಲ ಹೋದವು. ಗಾರ್ಲಂಡ್ ಅಲ್ಲೇ ಕಂಬಕ್ಕೆ ಒರಗಿ ನೋಡುತ್ತಿದ್ದ. "ಹ್ಯಾಟಿಯ ಕಿವಿ ಬಂತು ನೋಡು. ಇನ್ನು ಬಾಲದ ತನಕ ಮಾರು" ಎಂದ. ನಾನು ಆಗ ನಿನ್ನನ್ನು ಹ್ಯಾಟಿಯ ಬೆನ್ನ ಮೇಲೆ ಕೂರಿಸಿ ನೋಡಿದೆ ಮಗಳೇ, ಮನಸ್ಸಿನಲ್ಲಿ. ಚೆನ್ನಾಗಿಯೇ ಕಂಡೆ.

ಆಗ ಬಂದ ನಮ್ಮ ಹಲ್ಲಿನ ವೈದ್ಯ. ಇಸ್ತ್ರಿ ಮಾಡಿದ ಅಂಗಿ. ನಮ್ಮೂರಿನಲ್ಲಿ ಶವಯಾತ್ರೆಗೂ ಯಾರೂ ಇಸ್ತ್ರಿ ಮಾಡಿದ ಅಂಗಿ ಹಾಕುವುದಿಲ್ಲ. ಒಂದು ಚೀಲ ಕೊಡಿ ಎಂದ. ಮೇಲಿನದನ್ನು ಕೊಟ್ಟರೆ, "ಕೆಳಗಿನದು ಆಗಬಹುದಾ?" ಎಂದು ಕೆಳಗಿನಿಂದಲೇ ಎಳೆದ. ದುಡ್ಡು ಕೊಟ್ಟ. ಪಕ್ಕಕ್ಕೆ ಹೋಗಿ ಜೇಬಿನಿಂದ ತೂತಿರುವ ಉಕ್ಕಿನ ತುಂಡು ತೆಗೆದ. ತೋಟೆಯನ್ನು ಅದರೊಳಗೆ ಇಳಿಸಿದರೆ ಬಾಯಿ ಅಂಚಿಗೆ ಸಮನಾಗಿ ನಿಲ್ಲಬೇಕು. ಇಳಿಸಿದ. ಇನ್ನೊಂದು ಇಳಿಸಿದ. ಮೂರನೆಯದು. ಆಮೇಲೆ ಚೀಲ ಕಟ್ಟಿ, ನನ್ನ ಹತ್ತಿರ ಬಗ್ಗಿ, ಯಾರಿಗೂ ಕೇಳದ ಹಾಗೆ, "ಓರಿನ್ ಅವರೇ, ಇವತ್ತು ಮಾರೋದು ನಿಲ್ಲಿಸೋಣ. ಮನೆಗೆ ಬನ್ನಿ, ಕೂತು ನೋಡೋಣ" ಎಂದ.

ನಿನಗೆ ನಿನ್ನ ಚಿಕ್ಕಪ್ಪ ಗೊತ್ತು. ಕಿವಿಯಲ್ಲಿ ಪಿಸುಗುಟ್ಟುವವರನ್ನು ನಾನು ಹುಟ್ಟಿದಾಗಿನಿಂದ ನಂಬಿದವನಲ್ಲ. ಏನಿದ್ದರೂ ನಾಲ್ಕು ಜನರ ಮುಂದೆ ಹೇಳು ಎಂದು ಮೇಜು ಗುದ್ದಿ ಕೂಗಿದೆ. "ಅಸೂಯೆ ಕಣ್ರೋ! ದಿನಕ್ಕೆ ನಲವತ್ತು ಕತ್ತರಿಸೋನಿಗೆ ಸಾವಿರ ಕತ್ತರಿಸೋನ ಕಂಡ್ರೆ ಹೊಟ್ಟೆಯೊಳಗೆ ಬೆಂಕಿ! ತೆಗಿ ನಿನ್ನ ಕ್ಯಾಲಿಪರ್ರು, ಅಳಿ, ಒಂದೊಂದು ಚೀಲಾನೂ ಅಳಿ, ಎಲ್ಲರೂ ನೋಡ್ಲಿ!" ಎಂದೆ. ಹಾಟ್‌ಡಾಗ್ ಸಾಲು ಖಾಲಿಯಾಗಿ ಎಲ್ಲರೂ ನನ್ನ ಮೇಜಿಗೆ ಬಂದರು. ಡಾಕ್ಟರ್ ಬೇಡ ಎಂದ. ನಾನು ಬೇಕು ಎಂದೆ. ಅವನ ಕೈ ನಡುಗುತ್ತಿತ್ತು. ಹೆದರಿದ್ದಾನೆ ಎಂದುಕೊಂಡು ನನಗೆ ಇನ್ನೂ ಧೈರ್ಯ ಬಂತು. ಅಂಕಿ ಓದಲು ಗಾರ್ಲಂಡನನ್ನು ನಿಲ್ಲಿಸಿದೆವು. ಅವನ ಗಂಟಲು ಗೊತ್ತಲ್ಲ, ಎರಡು ಬೆಟ್ಟದಾಚೆಯ ಹೇಸರಗತ್ತೆಯನ್ನು ಕರೆಯುವ ಗಂಟಲು. ಮಾರಿದ ಎಂಟರಿಂದಲೇ ಶುರುಮಾಡಿ, ಒಂದೊಂದು ಚೀಲದಿಂದ ಒಂದೊಂದು ತೋಟೆ ತೆಗೆದು ಅಳೆದಂತೆ ಅವನು ಕೂಗಿದ. ಮೊದಲ ಐದು ಚೀಲಕ್ಕೆ "ಸರಿ" "ಸರಿ" ಎಂದು ಕೂಗಿದ. ನಾನು ಎದೆಯುಬ್ಬಿಸಿ ಸುತ್ತ ನೋಡಿದೆ. ಆರನೆಯದಕ್ಕೆ "ಒಂದು ಕೂದಲು ಕಮ್ಮಿ" ಎಂದ. ಹತ್ತನೆಯದಕ್ಕೆ ಕೂದಲು ಎನ್ನುವುದನ್ನು ಬಿಟ್ಟು "ಕಮ್ಮಿ" ಎಂದ. ಇಪ್ಪತ್ತನೆಯದಾದ ಮೇಲೆ ಕೂಗುವುದನ್ನೇ ಬಿಟ್ಟು ನನ್ನ ಮುಖ ನೋಡಿ ತಲೆ ಮಾತ್ರ ಅಲ್ಲಾಡಿಸಿದ. ಚೀಲ ಕೊಂಡಿದ್ದವರಲ್ಲಿ ಮೂವರು ವಾಪಸು ತಂದು ಮೇಜಿನ ಮೇಲಿಟ್ಟರು. ದುಡ್ಡು ಕೊಟ್ಟೆ. ಕೊಡುವಾಗ ಒಬ್ಬೊಬ್ಬನ ಹೆಸರೂ ನೆನಪಿಟ್ಟುಕೊಂಡೆ. ಒಬ್ಬ ಮೂರ್ಖನಂತೂ, "ಓರಿನ್, ನಿನ್ನ ಹೆಬ್ಬೆರಳೇ ಸವೆದಿರಬೇಕು ನೋಡಪ್ಪ" ಎಂದ. ಎಲ್ಲರೂ ನಕ್ಕರು. ಹತ್ತು ಎಣಿಸಲು ಬೂಟು ಬಿಚ್ಚಬೇಕಾದ ಜನ!

ನಗದೆ ಇದ್ದವನು ಆ ಡಾಕ್ಟರ್ ಒಬ್ಬನೇ. ಅದೂ ನನಗೆ ಹಿಡಿಸಲಿಲ್ಲ. ನಕ್ಕಿದ್ದರೆ ಎರಡು ಮಾತು ಬೈದು ಮನೆಗೆ ಬರಬಹುದಿತ್ತು.

ಮನೆಗೆ ಬಂದ ಮೇಲೆ ಅತ್ತಿಗೆ ಗೂಡನ್ನು ಬಿಚ್ಚಿ, ಮೊಳೆಯ ತುದಿಯಿಂದ ಒಳಗೆ ಕೆದಕಿದಳು. ತೋಟೆಯ ತಳ ತಾಗಿ ನಿಲ್ಲುವ ಗೋಡೆಯ ಮೇಲಿನಿಂದ ಏನೋ ಕಳಚಿ ಅಂಗೈಗೆ ಬಿತ್ತು. ಹಿತ್ತಾಳೆಯ ಪುಡಿ, ನನ್ನ ಎಣ್ಣೆಯಲ್ಲಿ ಕಲಸಿ ಗಟ್ಟಿಯಾಗಿ ಬಿಲ್ಲೆಯಾಗಿತ್ತು, ಹತ್ತು ಸೆಂಟಿನ ನಾಣ್ಯದಷ್ಟು ದಪ್ಪ. ಹೊಳೆಯುತ್ತಿತ್ತು ಕೂಡ. ಒಂದೊಂದು ತೋಟೆಗೂ ಕಣ್ಣಿಗೆ ಕಾಣದಷ್ಟು ಪುಡಿ ಅಲ್ಲಿ ಕೂತು, ಮುಂದಿನ ತೋಟೆಯನ್ನು ಬ್ಲೇಡಿನ ಕಡೆಗೆ ಕಾಣದಷ್ಟೇ ಮುಂದೆ ತಳ್ಳಿತ್ತಂತೆ. ತಪ್ಪು ಯಾರದು? ಗೂಡು ಮಾಡಿದವನದು. ಪುಡಿ ಬಿದ್ದುಹೋಗಲು ಒಂದು ತೂತು ಇಡಬಾರದೇ? ನನ್ನ ಹೆಬ್ಬೆರಳು ಒಂದು ಸಲವೂ ಸುಳ್ಳು ಹೇಳಲಿಲ್ಲ, ಅದನ್ನು ಬರೆದಿಟ್ಟುಕೋ. ಯಾವ ತೋಟೆಯನ್ನಾದರೂ ತೆಗೆದುಕೋ, ಅದರ ಹಿಂದಿನದರ ಪಕ್ಕ ನಿಲ್ಲಿಸು, ಈಗಲೂ ಮೆಟ್ಟಿಲು ಸಿಗುವುದಿಲ್ಲ. ಅತ್ತಿಗೆ ಮೊದಲನೆಯದನ್ನೂ ಕೊನೆಯದನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ಹೋಗಿದ್ದಾಳೆ. ಐದು ದಿನದಿಂದ ಅಲ್ಲೇ ಇವೆ. ಅವುಗಳನ್ನು ನೋಡಿಕೊಂಡೇ ನಾನು ತಿಂಡಿ ತಿನ್ನಬೇಕು. ಹೆಂಗಸರ ಕ್ರೌರ್ಯ ಎಂದರೆ ಇದು.

ಉದ್ದ ಉಳಿದಿದ್ದರೆ ಇನ್ನೊಮ್ಮೆ ಕತ್ತರಿಸಬಹುದಿತ್ತು. ಗಿಡ್ಡವಾದದ್ದಕ್ಕೆ ಏನೂ ಮಾಡುವ ಹಾಗಿಲ್ಲ, ಗುಂಡನ್ನು ಹಿಡಿದುಕೊಳ್ಳಲು ಕತ್ತೇ ಇಲ್ಲ. ಆದರೆ ನೀನು ಚಿಂತೆ ಮಾಡಬೇಡ. ಒಂದಿಷ್ಟು ಹಾಳಾಗಿವೆ, ನಿಜ. ಕೆಲಸ ಮಾಡುವವನ ಕೈಯಲ್ಲಿ ಒಂದಿಷ್ಟು ಹಾಳಾಗುತ್ತದೆ. ಒಂದು ಆರು ಡಾಲರಿನ ಬ್ಲೇಡು, ಅದರ ಮೇಲೆ ಎಲ್ಲ ಸೇರಿ ತೊಂಬತ್ತು ಡಾಲರ್ ನಷ್ಟ ಎಂದು ಇಟ್ಟುಕೊಳ್ಳೋಣ. ಅತ್ತಿಗೆಗೂ ತೊಂಬತ್ತು ಎಂದೇ ಹೇಳಿದ್ದೇನೆ. ಅವಳು ನಂಬಿದಳು ಎಂದು ನಾನು ಹೇಳುವುದಿಲ್ಲ, ಆದರೆ ಎಣಿಸಲು ಹೋಗಲಿಲ್ಲ. ಚೀಲಗಳನ್ನೆಲ್ಲ ನನ್ನ ಟ್ರೇಲರ್‌ನ ಅಡಿಗೆ ತಳ್ಳಿ ಟಾರ್ಪಾಲು ಮುಚ್ಚಿದ್ದೇನೆ.

ಭಾನುವಾರ ಚರ್ಚು ಮುಗಿದ ಮೇಲೆ ಡಾಕ್ಟರ್ ನನ್ನ ಮೆಟ್ಟಿಲ ತನಕ ಬಂದಿದ್ದ. ಒಳಗೆ ಕರೆಯಲಿಲ್ಲ. ಏನೇನೋ ಗೊಣಗಿದ, ನಾನೂ ತಕ್ಕ ಉತ್ತರ ಕೊಟ್ಟು ಕಳಿಸಿದೆ. ಹೋಗುವಾಗಲೂ ಟೋಪಿ ಎತ್ತಿ ನಮಸ್ಕಾರ ಮಾಡಿದ. ಕಲಿತವರ ಅಹಂಕಾರ ನೋಡು, ಬೈಸಿಕೊಂಡಾಗಲೂ ಸಭ್ಯತೆ ಬಿಡುವುದಿಲ್ಲ. ಅವನ ಸುದ್ದಿ ಸಾಕು.

ಹುಷಾರಾಗಿರು. ಮಿಂಚು ಬಂದರೆ ಆ ಗಾಜಿನ ಕಾಲಿನ ಸ್ಟೂಲಿನ ಮೇಲೆ ಕೂರುವುದನ್ನು ಮರೆಯಬೇಡ. ಜಾಮ್ ಬಾಟಲಿ ಇಲಿಗೆ ಸಿಗದ ಹಾಗೆ ಇಡು. ನೀನು ಹತ್ತಿದ ಬೆಟ್ಟ ನಿನಗೆ ಒಗ್ಗಲಿ, ಇಳಿಯುವಾಗ ಹೆಜ್ಜೆ ತಪ್ಪದಿರಲಿ, ದೇವರು ನಿನ್ನ ತಲೆಯ ಮೇಲಿನ ಹಂಚನ್ನು ಗಟ್ಟಿಯಾಗಿಟ್ಟಿರಲಿ. ಅಮ್ಮನ ಮುತ್ತುಗಳು. ನಾಯಿಯೂ ಕೇಳಿದೆ ಎಂದು ಬರೆಯಲು ಹೇಳಿದಳು, ಬರೆದಿದ್ದೇನೆ.

ಇಂತಿ ನಿನ್ನ ಚಿಕ್ಕಪ್ಪ,
ಓರಿನ್

ತಾಜಾಕಲಂ: ಗಾರ್ಲಂಡ್ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದಾನೆ. ಹ್ಯಾಟಿಯೂ ಉಳಿದ ಹೇಸರಗತ್ತೆಗಳೂ ಹಿಂದಿನ ಗಾಡಿಯಲ್ಲಿ ಒದೆಯುತ್ತಿವೆ. ಲಕೋಟೆ ಅಂಟಿಸಿ ಕೊಡಲು ಹೋದರೆ, "ಎಲ್ಲಾ ಬರ್ದಿದೀಯಾ?" ಎಂದ. ಬರೆದಿದ್ದೇನೆ ಎಂದೆ. "ಡಾಕ್ಟ್ರು ಹೇಳಿದ್ದನ್ನೂ?" ಎಂದ. ನಾನು ಲಕೋಟೆಯ ಅಂಚನ್ನು ಇನ್ನೊಮ್ಮೆ ಒತ್ತಿದೆ. "ಅಂಕಿ ಕೂಗಿದೋನು ನಾನು, ಓರಿನ್. ನೀನು ಬರೀದಿದ್ರೆ ಮೇಲೆ ಹೋಗಿ ನಾನೇ ಹೇಳ್ತೀನಿ. ಅವಳು ನಿನ್ನ ಬಾಯಿಂದ ಕೇಳೋದು ಒಳ್ಳೇದಲ್ವಾ?" ಎಂದ. ಅದಕ್ಕೇ ಲಕೋಟೆ ಒಡೆದು ಅವನ ಗಾಡಿಯ ಬಾನೆಟ್ಟಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು.

ಭಾನುವಾರ ಡಾಕ್ಟರ್ ಗೊಣಗಿದ್ದು ಇದು. ಅವನ ಹತ್ತಿರ ನಿನ್ನದೇ ಮುದ್ರೆಯ, ಕತ್ತರಿಸದ ಐದು ಸಾವಿರ ತೋಟೆ ಇವೆ. ಕೈ ನಡುಗುವ ರೋಗ ಬಂದೇ ಅವನು ಹಲ್ಲಿನ ಕೆಲಸ ಬಿಟ್ಟದ್ದು. ದಿನಕ್ಕೆ ನಲವತ್ತರ ಮೇಲೆ ಅವನಿಂದ ಆಗುವುದೇ ಇಲ್ಲ. "ತೋಟೆ ನಂದು, ಕೈ ನಿಮ್ಮದು, ಬ್ರಷ್ಷು ಮಾತ್ರ ನಾನು ಹೇಳಿದ ಹಾಗೆ. ಮಾರಿದ ದುಡ್ಡು ಪೂರ್ತಿ ಮಾರ್ಲಿಸ್‌ಗೆ. ನಾಲ್ಕು ವರ್ಷ ಅವಳು ಮೊಣಕಾಲೂರಿದ್ದನ್ನ ನೋಡಿದೀನಿ" ಎಂದ. ನಾನು ಏನು ಹೇಳಿದೆ ಗೊತ್ತೇ? ನಿನ್ನ ಭಿಕ್ಷೆ ಬೇಡವೆಂದು ನೀನೇ ನನಗೆ ಕಾಗದ ಬರೆದಿದ್ದೀ ಎಂದೆ. ಅವನು ನಂಬಿದ. ಟೋಪಿ ಎತ್ತಿದ್ದು ನನಗಲ್ಲ, ನಿನ್ನ ಮಾತಿಗೆ. ನೀನು ಅಂಥದ್ದೇನೂ ಬರೆದಿರಲಿಲ್ಲ. ಬೇಡ ಎಂದದ್ದು ನಾನು, ನಿನ್ನ ಬಾಯಿಂದ.

ಸೆಪ್ಟೆಂಬರ್ ಹದಿಮೂರಕ್ಕೆ ಕ್ಲಬ್ಬಿನ ಇನ್ನೊಂದು ಮಾರಾಟ ಇದೆ. ನೀನು ಹೂಂ ಎನ್ನುವುದಾದರೆ ಈ ಕಾಗದದ ಹಿಂದೆಯೇ ಬರೆದು ಗಾರ್ಲಂಡನ ಕೈಗೆ ಕೊಡು. ಅದನ್ನು ಹಿಡಿದು ನಾನೇ ಅವನ ಬಾಗಿಲು ತಟ್ಟುತ್ತೇನೆ, ಏಪ್ರನ್ ಕಟ್ಟುತ್ತೇನೆ, ಒಂದೊಂದು ತೋಟೆಗೂ ಬ್ರಷ್ ಹಾಕುತ್ತೇನೆ. ಅವನು ಇಸ್ತ್ರಿ ಅಂಗಿಯ ಡಾಂಭಿಕನೇ, ಅದರಲ್ಲಿ ಬದಲಾವಣೆ ಇಲ್ಲ. ಉಹೂಂ ಎಂದರೆ ಹಾಗೇ ಬರೆ, ಗಾರ್ಲಂಡನಿಗೆ ಹೇಸರಗತ್ತೆ ಬೇರೆಯವರಿಗೆ ಕೊಡು ಎಂದು ನಾನೇ ಹೇಳುತ್ತೇನೆ. ಇನ್ನೊಂದು ಸಲ ನಿನ್ನ ಬಾಯಿಂದ ನಾನು ಮಾತಾಡುವುದಿಲ್ಲ.

ಮೊನ್ನೆ ಅತ್ತಿಗೆ ಅಂಗಡಿಗೆ ಹೋದಾಗ ಟಾರ್ಪಾಲು ಸರಿಸಿ ನಿನ್ನ ಮಾದರಿಯ ಪಕ್ಕ ಒಂದೊಂದನ್ನೇ ನಿಲ್ಲಿಸಿ ಎಣಿಸಿದೆ. ಮಾರಿಹೋದ ಐದು ಚೀಲವೂ ಸೇರಿ, ನಾಲ್ಕು ಸಾವಿರದಲ್ಲಿ ಸರಿಯಿರುವುದು ಐನೂರ ಎಂಬತ್ತೆಂಟು. ಹೋದದ್ದು ಆರು ಡಾಲರ್ ಅಲ್ಲ, ತೊಂಬತ್ತೂ ಅಲ್ಲ ಮಗಳೇ. ಆರು ನೂರ ಎಂಬತ್ತೆರಡು ಡಾಲರ್ ನಲವತ್ತು ಸೆಂಟ್.